ಮೆತ್ತಗಾದ ಬ್ರೇಕ್ ಪೆಡಲ್: ಬೂಸ್ಟರ್ ಬದಲಿಸದೆ ಗಟ್ಟಿ ಮಾಡಿದ ನನ್ನ ಅನುಭವ

ಐದು ತಿಂಗಳಿನಿಂದ ಮೆತ್ತಗೆ ಇಳಿಯುತ್ತಿದ್ದ ನನ್ನ ಎಲೆಕ್ಟ್ರಿಕ್ ಕಾರಿನ ಬ್ರೇಕ್ ಪೆಡಲ್ ಈಗ ಮೊದಲಿನ ಎತ್ತರದಲ್ಲಿಯೇ ಹಿಡಿಯುತ್ತಿದೆ. ಈ ನಡುವೆ ಕಾರನ್ನು ನೋಡಿದವರೆಲ್ಲರೂ ಪಾದದ ಒತ್ತಡವನ್ನು ಹೆಚ್ಚಿಸಿಕೊಡುವ ಎಲೆಕ್ಟ್ರಿಕ್ ಬೂಸ್ಟರ್ ಕೆಟ್ಟಿದೆ, ಅದನ್ನು ಬದಲಿಸದೆ ಬೇರೆ ದಾರಿಯಿಲ್ಲ ಎಂದು ತೀರ್ಪು ಕೊಟ್ಟಿದ್ದರು. ಈ ಕಾರಿನಲ್ಲಿ ಬೂಸ್ಟರ್ ಮತ್ತು ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಜೋಡಣೆಯಾಗಿ ಬರುವುದರಿಂದ ಅದರ ಬೆಲೆ ಹೆಚ್ಚುಕಡಿಮೆ ನನ್ನ ಎರಡು ತಿಂಗಳ ಸಂಪಾದನೆಯಷ್ಟಾಗುತ್ತಿತ್ತು. ಕೂರಿಸಿದ ಮೇಲೆ ಸ್ಕ್ಯಾನರಿನಲ್ಲಿ (ಕಾರಿನ ಕಂಪ್ಯೂಟರಿಗೆ ಜೋಡಿಸುವ ಉಪಕರಣ) ಹೊಂದಿಸುವ ಕೂಲಿ ಬೇರೆ. ಆ ಹಣ ಉಳಿದದ್ದು ಸಂತೋಷವೇ ಆದರೂ, ನನ್ನ ಅನುಮಾನವೇ ಸರಿಯಾಯಿತೆಂಬ ಹೆಮ್ಮೆಯಿಂದ ಇದನ್ನು ಬರೆಯಲು ಕುಳಿತಿದ್ದೇನೆಂದು ಒಪ್ಪಿಕೊಳ್ಳುತ್ತೇನೆ.

ಎಲ್ಲರೂ ದಾರಿ ತಪ್ಪಿದ್ದಕ್ಕೆ ರೀಜೆನ್, ಅಂದರೆ ಮೋಟಾರೇ ಕಾರನ್ನು ನಿಧಾನಿಸುತ್ತಾ ಬ್ಯಾಟರಿಗೆ ವಿದ್ಯುತ್ ತುಂಬುವ ವ್ಯವಸ್ಥೆ, ಕಾರಣ. ಬ್ಯಾಟರಿ ಅರ್ಧ ಖಾಲಿಯಾಗಿದ್ದಾಗ ಮೋಟಾರೇ ಕಾರನ್ನು ಬಹುಪಾಲು ನಿಲ್ಲಿಸಿಬಿಡುವುದರಿಂದ ಪೆಡಲಿನ ಮೇಲೆ ಭಾರ ಹಾಕುವ ಪ್ರಸಂಗವೇ ಬರುತ್ತಿರಲಿಲ್ಲ. ಪೂರ್ತಿ ಚಾರ್ಜ್ ಆಗಿದ್ದ ಬೆಳಿಗ್ಗೆ, ಮೋಟಾರಿನಿಂದ ಬರುವ ವಿದ್ಯುತ್ತಿಗೆ ಬ್ಯಾಟರಿಯಲ್ಲಿ ಜಾಗವಿಲ್ಲದಾಗ, ಎಲ್ಲ ಕೆಲಸ ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್‌ಗಳ ಮೇಲೆ ಬಿದ್ದು ಪೆಡಲ್ ಸ್ಪಾಂಜಿನ ಮೇಲೆ ಕಾಲಿಟ್ಟಂತೆ ಒಳಗೆ ಹೋಗುತ್ತಿತ್ತು. ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಮಾಯವಾಗುವ ದೋಷವೆಂದ ಮೇಲೆ ಅದು ಎಲೆಕ್ಟ್ರಾನಿಕ್ಸ್ ದೋಷವೇ ಸರಿ ಎಂಬುದು ಅವರ ವಾದವಾಗಿತ್ತು. ನನ್ನ ಕಾರಿನಲ್ಲಿ ನ್ಯೂಟ್ರಲ್ ಹಾಕಿದರೆ ರೀಜೆನ್ ನಿಂತುಹೋಗುತ್ತದೆ. ಖಾಲಿ ಬಯಲಿನಲ್ಲಿ ಗಂಟೆಗೆ ಸುಮಾರು 30 ಕಿ.ಮೀ. ವೇಗದಿಂದ ನ್ಯೂಟ್ರಲ್‌ನಲ್ಲಿ ಬ್ರೇಕ್ ಒತ್ತಿ ನೋಡಿದಾಗ, ಚಾರ್ಜ್ ಎಷ್ಟೇ ಇರಲಿ, ಪೆಡಲ್ ಪ್ರತಿ ಬಾರಿಯೂ ಒಂದೇ ರೀತಿ ಮೆತ್ತಗಿತ್ತು. ಬೂಸ್ಟರಿನ ಮೇಲಿನ ಆರೋಪವನ್ನು ನಾನು ಅಂದೇ ನಂಬುವುದನ್ನು ಬಿಟ್ಟೆ.

ಹಾಗೆಂದು ಮೊದಲ ಪ್ರಯತ್ನದಲ್ಲಿಯೇ ಗೆದ್ದೆನೆಂದಲ್ಲ. ಎಲ್ಲರಂತೆ ನಾನೂ ಬ್ರೇಕ್ ಆಯಿಲಿನಲ್ಲಿ ಸೇರಿ ಪೆಡಲನ್ನು ಮೆತ್ತಗಾಗಿಸುವ ಗಾಳಿಯನ್ನೇ ಹುಡುಕಿದೆ. ಚಕ್ರದ ಬಳಿ ಆಯಿಲ್ ಹೊರಬಿಡುವ ನಿಪ್ಪಲಿಗೆ ವ್ಯಾಕ್ಯೂಮ್ ಪಂಪ್ ಹಚ್ಚಿ ಎಳೆದಷ್ಟೂ ಗುಳ್ಳೆಗಳು ಬರುತ್ತಲೇ ಇದ್ದವು; ಅವು ನಿಪ್ಪಲಿನ ತಿರುಪಿನ ಸಂದಿನಿಂದ ಒಳನುಗ್ಗುತ್ತಿದ್ದ ಹೊರಗಿನ ಗಾಳಿ ಎಂದು ಹೊಳೆಯುವಷ್ಟರಲ್ಲಿ ಒಂದೂವರೆ ಲೀಟರ್ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಳಾಗಿತ್ತು. ಅನಂತರ ಮೇಲಿನ ಆಯಿಲ್ ಡಬ್ಬಿಯಿಂದ ಸುಮಾರು 1 ಬಾರ್ ಒತ್ತಡ ಕೊಟ್ಟು ಗಾಳಿ ತೆಗೆದೆ. ಚಕ್ರ ಜಾರದಂತೆ ತಡೆಯುವ ಎಬಿಎಸ್ ಯೂನಿಟ್ಟಿನ ವಾಲ್ವ್‌ಗಳನ್ನು ತೆರೆಸಲೆಂದೇ ಒಂದು ಸ್ಕ್ಯಾನರ್ ಕೊಂಡೆ, ಅದೇ ಈ ಇಡೀ ಕೆಲಸದ ಅತಿ ದೊಡ್ಡ ಖರ್ಚು. ಹೊರಬಂದ ಹಳೆಯ ಆಯಿಲ್ ಕಡುಗಪ್ಪಾಗಿತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ಬ್ರೇಕ್ ಅಷ್ಟಾಗಿ ಕಾಯುವುದಿಲ್ಲವೆಂದು ಆಯಿಲನ್ನು ವರ್ಷಗಟ್ಟಲೆ ಬಿಡುವವರಿದ್ದಾರೆ. ಆದರೆ ನೀರು ಹೀರಲು ಅದಕ್ಕೆ ಬಿಸಿ ಬೇಕಿಲ್ಲ, ಮತ್ತು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಡಾಟ್ 4ರ ಕುದಿಬಿಂದು ನೀರು ಹೀರಿದಾಗ 155ರ ಆಸುಪಾಸಿಗೆ ಇಳಿಯಬಹುದು. ಇಷ್ಟೆಲ್ಲ ಮಾಡಿದರೂ ಪೆಡಲ್ ಅರ್ಧ ಬೆರಳಿನಷ್ಟು ಮಾತ್ರ ಮೇಲೆ ಬಂದಿತು.

ಈ ಹಂತದಲ್ಲಿ ಎರಡು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ರಾತ್ರಿಯಿಡೀ ಪೆಡಲನ್ನು ಕೋಲಿನಿಂದ ಒತ್ತಿಟ್ಟರೆ ಗಾಳಿ ತಾನಾಗಿ ಮೇಲೇರುತ್ತದೆಂಬ ಹಳೆಯ ಗ್ಯಾರೇಜ್ ಉಪಾಯವನ್ನು ನಂಬಿ ಹಾಗೆ ಮಾಡಿದಾಗ, ಬ್ರೇಕ್ ದೀಪ ಬೆಳಗಿನವರೆಗೆ ಉರಿದು ಕಾರನ್ನು ಎಬ್ಬಿಸುವ ಸಣ್ಣ 12 ವೋಲ್ಟ್ ಬ್ಯಾಟರಿ ಬರಿದಾಯಿತು. ದೊಡ್ಡ ಬ್ಯಾಟರಿಯಲ್ಲಿ ಮುಕ್ಕಾಲು ಪಾಲು ಚಾರ್ಜ್ ಇಟ್ಟುಕೊಂಡೂ ಕಾರು ಎಚ್ಚರಗೊಳ್ಳಲಿಲ್ಲ. ಮುಂದಿನ ಚಕ್ರಗಳಿಗೆ ಉಕ್ಕಿನ ಜಾಲರಿಯ ಹೋಸ್ ಹಾಕಿಸಿದ್ದು ಮತ್ತೊಂದು ದಂಡ, ಅದರಿಂದ ನನ್ನ ಪಾದಕ್ಕಂತೂ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಮುಂದಿನ ಪರೀಕ್ಷೆಗೆ ಅಂಥ ಹೋಸನ್ನು ಕ್ಲಾಂಪಿನಿಂದ ಬಿಗಿಯುವಂತಿಲ್ಲವಾದ್ದರಿಂದ ಹಳೆಯ ರಬ್ಬರ್ ಹೋಸ್‌ಗಳನ್ನೇ ಮರಳಿ ಜೋಡಿಸಬೇಕಾಯಿತು.

ಆ ಪರೀಕ್ಷೆಯೇ ಗುಟ್ಟನ್ನು ಹೊರಗೆ ತಂದಿತು. ದುಂಡು ಅಂಚಿನ ಕ್ಲಾಂಪ್‌ಗಳಿಂದ ನಾಲ್ಕೂ ಹೋಸ್‌ಗಳನ್ನು ಮುಚ್ಚಿ, ಕಾರನ್ನು ಆನ್ ಮಾಡಿ ಒತ್ತಿದಾಗ ಪೆಡಲ್ ಕಲ್ಲಿನಂತೆ ನಿಂತಿತು, ಅರ್ಧ ನಿಮಿಷ ಒತ್ತಿ ಹಿಡಿದರೂ ಕುಸಿಯಲಿಲ್ಲ. ಅಂದರೆ ಕ್ಲಾಂಪ್‌ಗಳಿಗಿಂತ ಮೇಲಿರುವ ಬೂಸ್ಟರ್, ಮಾಸ್ಟರ್ ಸಿಲಿಂಡರ್, ಎಬಿಎಸ್ ಯೂನಿಟ್ ಮೂರೂ ನಿರಪರಾಧಿಗಳು. ಒತ್ತಡಕ್ಕೂ ಪೆಡಲಿನ ಚಲನೆಗೂ ತಾಳೆಯಾಗದೆ ಎಚ್ಚರಿಕೆಯ ದೀಪವೊಂದು ಹತ್ತಿತು, ಅದನ್ನು ಆಮೇಲೆ ಸ್ಕ್ಯಾನರಿನಲ್ಲಿ ಅಳಿಸಿದೆ. ಕ್ಲಾಂಪ್‌ಗಳನ್ನು ಒಂದೊಂದಾಗಿ ಬಿಡುತ್ತಾ ಬಂದಾಗ ಮುಂದಿನ ಎರಡಕ್ಕೂ ಪೆಡಲ್ ಸ್ವಲ್ಪವೇ ಇಳಿಯಿತು. ಹಿಂದಿನ ಎಡಗಡೆಯದನ್ನು ಬಿಟ್ಟ ಕೂಡಲೇ ಧೊಪ್ಪನೆ ಕೆಳಗೆ ಹೋಯಿತು.

ಚಕ್ರದ ಸಂದಿನಿಂದ ಟಾರ್ಚ್ ಹಾಕಿ ನೋಡಿದವರೆಲ್ಲ ಆ ಪ್ಯಾಡ್ ಇನ್ನೂ ದಪ್ಪಗಿದೆ ಎಂದು ಸರ್ಟಿಫಿಕೇಟ್ ಕೊಟ್ಟಿದ್ದರು. ಬಿಚ್ಚಿದಾಗ ಅದು ಒಂದು ತುದಿಯಲ್ಲಿ ಸುಮಾರು 8 ಮಿ.ಮೀ., ಇನ್ನೊಂದು ತುದಿಯಲ್ಲಿ 5 ಮಿ.ಮೀ. ಉಳಿದು ಓರೆಯಾಗಿ ಸವೆದಿತ್ತು. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಲು ಬೇಕಾದ ಕೆಳಗಿನ ಸ್ಲೈಡ್ ಪಿನ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು, ಪ್ಯಾಡಿನ ಅಂಚಿನ ಕಿವಿಗಳು ಅದನ್ನು ಹಿಡಿದಿಡುವ ಬ್ರಾಕೆಟ್ಟಿನಲ್ಲಿ ಕಚ್ಚಿಕೊಂಡಿದ್ದವು. ಹೀಗಾಗಿ ಪ್ಯಾಡ್ ಡಿಸ್ಕಿಗೆ ಸಪಾಟಾಗಿ ಕೂರದೆ, ಒತ್ತಿದಾಗಲೆಲ್ಲ ಕ್ಯಾಲಿಪರ್ ಬಾಗಿ, ಕಾಲೆತ್ತಿದಾಗ ತನ್ನೊಳಗಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತಿತ್ತು. ನನ್ನ ಪಾದಕ್ಕೆ ಗಾಳಿಯೆಂದು ತೋರಿದ್ದು ಲೋಹದ ಬಾಗು. ರೀಜೆನ್ ಕೃಪೆಯಿಂದ ವರ್ಷಗಟ್ಟಲೆ ಕೆಲಸವಿಲ್ಲದೆ ಕುಳಿತ ಹಿಂದಿನ ಬ್ರೇಕಿಗೆ ಇಂಥ ಗತಿ ಬರುವುದು ಸಹಜ.

ಹ್ಯಾಂಡ್‌ಬ್ರೇಕ್ ಮೋಟಾರ್ ಈ ಕ್ಯಾಲಿಪರಿನಲ್ಲಿಯೇ ಇರುವುದರಿಂದ ಸ್ಕ್ಯಾನರಿನಲ್ಲಿ ಸರ್ವಿಸ್ ಮೋಡಿಗೆ ಹಾಕದೆ ಪಿಸ್ಟನ್ ಒತ್ತಲು ಹೋಗಲಿಲ್ಲ. ಬ್ರಾಕೆಟ್ಟಿನ ಕ್ಲಿಪ್ಪುಗಳ ಕೆಳಗಿನ ತುಕ್ಕನ್ನು ಅರದಿಂದ ಉಜ್ಜಿ, ಎರಡೂ ಬದಿಗೆ ಹೊಸ ಪಿನ್, ರಬ್ಬರ್ ಮತ್ತು ಪ್ಯಾಡ್ ಹಾಕಿದೆ. ಪಿನ್ನಿಗೆ ಸಿಲಿಕೋನ್ ಗ್ರೀಸನ್ನೇ ಹಚ್ಚಿದೆ. ಹಿಂದೊಮ್ಮೆ ಸಾಮಾನ್ಯ ಗ್ರೀಸ್ ಹಚ್ಚಿ ರಬ್ಬರ್ ಉಬ್ಬಿಸಿಕೊಂಡ ಪಾಠ ಮರೆತಿರಲಿಲ್ಲ. ಡಿಸ್ಕಿನ ಓಲಾಟ ಡಯಲ್ ಗೇಜಿನಲ್ಲಿ 0.04 ಮಿ.ಮೀ.ನಷ್ಟಿತ್ತು, ಅದನ್ನು ಹಾಗೆಯೇ ಬಿಟ್ಟೆ. ಕೊನೆಯ ಬಾರಿ ಆಯಿಲ್ ಬಿಡುವಾಗ ಕ್ಯಾಲಿಪರನ್ನು ಯಾವ ಓರೆಯಲ್ಲಿ ಹಿಡಿದು ಎಲ್ಲಿ ತಟ್ಟಿದೆನೆಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಬಳಿಯೇ ಇರಲಿ.

ಮೊದಲು ಸುಮಾರು 75 ಮಿ.ಮೀ. ಇಳಿಯುತ್ತಿದ್ದ ಪೆಡಲ್ ಈಗ 45ರ ಹತ್ತಿರ ಹಿಡಿಯುತ್ತದೆ. ಸ್ಕ್ಯಾನರ್, ಹಾಳಾದ ಆಯಿಲ್, ವ್ಯರ್ಥವಾದ ಹೋಸ್ ಎಲ್ಲ ಸೇರಿದರೂ ಖರ್ಚು ಬೂಸ್ಟರಿನ ಬೆಲೆಯ ಆರನೆಯ ಒಂದು ಭಾಗವನ್ನು ದಾಟಿಲ್ಲ. ನಿಜಕ್ಕೂ ಬೇಕಿದ್ದ ಸಾಮಾನು ಅದರಲ್ಲೂ ಅತ್ಯಲ್ಪ. ವಾರಕ್ಕೊಮ್ಮೆ ದಾರಿ ಖಾಲಿಯಿದ್ದಾಗ ನ್ಯೂಟ್ರಲ್‌ನಲ್ಲಿ ಐದಾರು ಬಾರಿ ಬ್ರೇಕ್ ಒತ್ತಿ ಪ್ಯಾಡ್‌ಗಳಿಗೆ ಕೆಲಸ ಕೊಡುತ್ತಿದ್ದೇನೆ. ಮುಂದಿನ ಬಲಗಡೆಯ ಪಿನ್ ಕೈಗೆ ತುಸು ಬಿಗಿಯೆನಿಸಿತ್ತು, ಬರುವ ತಿಂಗಳು ಅದನ್ನೂ ಬಿಚ್ಚಬೇಕಿದೆ.