ಸ್ವಿಟ್ಜರ್ಲೆಂಡಿನಲ್ಲಿ ಮಂಡಿನೋವು: ಸ್ಕೀ ಮತ್ತು ಸೈಕಲ್ ಹವ್ಯಾಸವುಳ್ಳ ಉತ್ತರ ಕನ್ನಡದವರಿಗೆ ವಿಮಾ ವ್ಯವಸ್ಥೆಯ ಪರಿಚಯ

ನಮ್ಮ ಜಿಲ್ಲೆಯಲ್ಲಿ ಮಂಡಿ ಬಾತುಕೊಂಡರೆ ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತು. ಮೊದಲು ಲಕ್ಕಿ ಸೊಪ್ಪಿನ ಶಾಖ, ಎಣ್ಣೆ ತಿಕ್ಕುವುದು. ಅದಕ್ಕೂ ಬಗ್ಗದಿದ್ದರೆ ಶಿರಸಿಯವರು ಹುಬ್ಬಳ್ಳಿಗೆ, ಕುಮಟಾ–ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರದವರು ಗೋವೆಗೆ ಹೋಗಿ ನೇರವಾಗಿ ಮೂಳೆ ತಜ್ಞರನ್ನೇ ಕಾಣುತ್ತಾರೆ. ಜಿಲ್ಲೆಯಲ್ಲಿಯೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನರು ವರ್ಷಗಟ್ಟಲೆ ಕೇಳುತ್ತ ಬಂದಿರುವುದರಿಂದ ಈ ದೂರದ ಓಡಾಟ ನಮಗೆ ಅಭ್ಯಾಸವಾಗಿಹೋಗಿದೆ. ಎಲ್ಲಿಗೆ ಹೋದರೂ ನೋವು ಏಕೆ ಬಂತೆಂಬ ಪ್ರಶ್ನೆ ವೈದ್ಯರಿಗೆ ಮಾತ್ರ ಸಂಬಂಧಿಸಿದ್ದು. ಹಣ ಕೊಡುವವರು ನಾವೇ ಆದ್ದರಿಂದ ಲೆಕ್ಕಕ್ಕೆ ಅದರಿಂದ ವ್ಯತ್ಯಾಸವಾಗುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹಾಗಲ್ಲ. ಇಲ್ಲಿ ನೋವಿನ ಕಾರಣ ಅಪಘಾತವೋ ಕಾಯಿಲೆಯೋ ಎಂಬುದರ ಮೇಲೆ ಯಾವ ವಿಮೆ ಹಣ ಕೊಡಬೇಕು, ನಿಮ್ಮ ಪಾಲು ಎಷ್ಟು, ಕೆಲಸಕ್ಕೆ ಹೋಗಲಾಗದ ದಿನಗಳ ಸಂಬಳ ಯಾರು ಕೊಡಬೇಕು ಎಂಬುದೆಲ್ಲ ನಿರ್ಧಾರವಾಗುತ್ತದೆ. ಚಳಿಗಾಲದಲ್ಲಿ ಸ್ಕೀ, ಬೇಸಿಗೆಯಲ್ಲಿ ಸೈಕಲ್ ಎಂದು ಎರಡನ್ನೂ ಮಾಡುವವರ ಮಂಡಿಯಲ್ಲಿ ಹಳೆಯ ತಿರುಚುವಿಕೆ ಮತ್ತು ವರ್ಷಗಳ ಸವೆತ ಒಟ್ಟಿಗೇ ಇರುವುದುಂಟು. ಆದ್ದರಿಂದ ಈ ವಿಂಗಡಣೆಯನ್ನು ನೋವು ಬರುವ ಮೊದಲೇ ತಿಳಿದುಕೊಂಡಿರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಯಿಲೆಯ ವಿಮೆ, ಅಂದರೆ ಮೂಲ ಆರೋಗ್ಯ ವಿಮೆ, ಎಲ್ಲರಿಗೂ ಕಡ್ಡಾಯ. ಈ ದೇಶಕ್ಕೆ ಬಂದು ನೆಲೆಸಿದ ಮೂರು ತಿಂಗಳೊಳಗೆ ಮೂಲ ವಿಮೆ ಮಾಡಿಸಬೇಕು; ಮೊದಲೇ ಮಂಡಿನೋವಿದೆ ಎಂಬ ಕಾರಣಕ್ಕೆ ಯಾವ ಕಂಪನಿಯೂ ಮೂಲ ವಿಮೆಯನ್ನು ನಿರಾಕರಿಸುವಂತಿಲ್ಲ. ವರ್ಷದ ಆರಂಭದ ಖರ್ಚನ್ನು ನಾವೇ ಹೊರಬೇಕಾದ ಮಿತಿಗೆ ಫ್ರಾಂಶೀಸ್ ಎನ್ನುತ್ತಾರೆ; ವಯಸ್ಕರು 300 ಫ್ರಾಂಕ್‌ನಿಂದ 2,500 ಫ್ರಾಂಕ್‌ವರೆಗೆ ಇದನ್ನು ಆಯ್ದುಕೊಳ್ಳಬಹುದು. ಅದು ಮುಗಿದ ಮೇಲೆ ಪ್ರತಿ ಬಿಲ್ಲಿನ ಶೇ. 10ರಷ್ಟು, ವರ್ಷಕ್ಕೆ ಗರಿಷ್ಠ 700 ಫ್ರಾಂಕ್, ನಮ್ಮ ಪಾಲು. ನಮ್ಮಲ್ಲಿ ಬಹಳಷ್ಟು ಮಂದಿ ತಿಂಗಳ ಕಂತು ಕಡಿಮೆಯಾಗಲೆಂದು 2,500ನ್ನು ಆಯ್ದುಕೊಂಡಿರುತ್ತಾರೆ. ಆರೋಗ್ಯವಂತ ಯುವಕರಿಗೆ ಅದು ಸರಿಯೇ. ಆದರೆ ತಿಂಗಳುಗಟ್ಟಲೆ ಫಿಸಿಯೊಥೆರಪಿ ಬೇಕಾಗುವ ಮಂಡಿಯಿದ್ದರೆ ವರ್ಷಕ್ಕೆ 3,200 ಫ್ರಾಂಕ್‌ವರೆಗೂ ಕೈಯಿಂದ ಹೋಗಬಹುದು. 300ರ ಫ್ರಾಂಶೀಸ್ ಇದ್ದರೆ ಅದೇ ಪಾಲು 1,000 ಫ್ರಾಂಕ್‌ಗೆ ನಿಲ್ಲುತ್ತದೆ. ಬದಲಾಯಿಸಬೇಕೆಂದಿದ್ದರೆ ಪತ್ರವು ನವೆಂಬರ್ ಕೊನೆಯೊಳಗೆ ಕಂಪನಿಯ ಕೈ ಸೇರಿರಬೇಕು. ಜನವರಿ 1ರಿಂದ ಅದು ಜಾರಿಗೆ ಬರುತ್ತದೆ.

ಅಪಘಾತ ವಿಮೆಯ ಹಾದಿಯೇ ಬೇರೆ. ಒಬ್ಬ ಉದ್ಯೋಗದಾತರ ಬಳಿ ವಾರಕ್ಕೆ ಎಂಟು ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಕಚೇರಿಯ ಅಪಘಾತವಷ್ಟೇ ಅಲ್ಲ, ಭಾನುವಾರ ಸ್ಕೀ ಮಾಡುವಾಗ ಬಿದ್ದದ್ದೂ ಕಂಪನಿಯ ಮೂಲಕವೇ ವಿಮೆಗೆ ಒಳಪಡುತ್ತದೆ. ಇದರಲ್ಲಿ ಫ್ರಾಂಶೀಸ್ ಇಲ್ಲ, ಶೇ. 10ರ ಪಾಲೂ ಇಲ್ಲ. ಕೆಲಸಕ್ಕೆ ಹೋಗಲಾಗದಿದ್ದರೆ ಅಪಘಾತದ ದಿನ ಬಿಟ್ಟು ಮೂರನೆಯ ದಿನದಿಂದ, ಕಾನೂನಿನ ಗರಿಷ್ಠ ಮಿತಿಗೆ ಒಳಪಟ್ಟು, ಸಂಬಳದ ಶೇ. 80ರಷ್ಟು ದಿನಭತ್ಯೆ ದೊರೆಯುತ್ತದೆ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಗಿ ಬಂದರೆ ಅಗತ್ಯವಾದ ರಕ್ಷಣಾ ವೆಚ್ಚವೂ ಇದರಲ್ಲಿ ಸೇರಿದೆ.

ನಮ್ಮ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಗಂಡ ಹೆಂಡತಿಯರಲ್ಲಿ ಒಬ್ಬರು ಉದ್ಯೋಗದಲ್ಲಿದ್ದು ಮತ್ತೊಬ್ಬರು ಅವಲಂಬಿತರ ವೀಸಾದಲ್ಲಿ ಬಂದು ಮನೆಯಲ್ಲಿದ್ದರೆ, ಉದ್ಯೋಗಿಯ ಅಪಘಾತ ವಿಮೆ ಇನ್ನೊಬ್ಬರಿಗೆ ಅನ್ವಯಿಸುವುದಿಲ್ಲ. ಮನೆಯಲ್ಲಿರುವವರು ತಮ್ಮ ಮೂಲ ಆರೋಗ್ಯ ವಿಮೆಯಲ್ಲಿ ಅಪಘಾತವನ್ನೂ ಸೇರಿಸಿಕೊಳ್ಳಬೇಕು; ಆಗ ಫ್ರಾಂಶೀಸ್ ಮತ್ತು ಶೇ. 10ರ ಪಾಲು ಅಪಘಾತಕ್ಕೂ ಅನ್ವಯಿಸುತ್ತವೆ. ರಕ್ಷಣಾ ವೆಚ್ಚದಲ್ಲಿ ಮೂಲ ವಿಮೆ ಅರ್ಧ ಭಾಗವನ್ನು ಮಾತ್ರ, ಅದೂ ವರ್ಷಕ್ಕೆ 5,000 ಫ್ರಾಂಕ್ ಮೀರದಂತೆ ಕೊಡುತ್ತದೆ. ಇಬ್ಬರೂ ಸ್ಕೀಗೆ ಹೋಗುವ ಮನೆಯಲ್ಲಿ ಒಬ್ಬರ ಕಾಲಿಗೆ ಪೂರ್ಣ ರಕ್ಷಣೆ, ಮತ್ತೊಬ್ಬರ ಕಾಲಿಗೆ ಅರೆ ರಕ್ಷಣೆ ಎಂಬ ಸ್ಥಿತಿ ಹೀಗೆ ಬರುತ್ತದೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವಿನ ಅವಧಿಯೂ ಎಚ್ಚರ ಬೇಡುವಂಥದು. ಸಂಬಳದ ಹಕ್ಕು ಮುಗಿದ ಮೇಲೆ ಅಪಘಾತ ವಿಮೆ 31 ದಿನ ಮಾತ್ರ ಮುಂದುವರಿಯುತ್ತದೆ. ಆ ಅವಧಿ ಮುಗಿಯುವುದರೊಳಗೆ ಹಣ ಕಟ್ಟಿದರೆ ಅದನ್ನು ಆರು ತಿಂಗಳವರೆಗೆ ವಿಸ್ತರಿಸಿಕೊಳ್ಳಬಹುದು.

ಇನ್ನು ಅಪಘಾತ ಎಂದರೇನು ಎಂಬ ಪ್ರಶ್ನೆ. ಕಾನೂನಿನ ಪ್ರಕಾರ ಅದು ಹಠಾತ್ತನೆ, ಉದ್ದೇಶವಿಲ್ಲದೆ, ಅಸಾಮಾನ್ಯವಾದ ಹೊರಗಿನ ಕಾರಣವೊಂದರಿಂದ ದೇಹಕ್ಕೆ ಆದ ಹಾನಿಯಾಗಿರಬೇಕು. ಬಿದ್ದದ್ದು, ಜಾರಿದ್ದು, ಇನ್ನೊಬ್ಬರಿಗೆ ಡಿಕ್ಕಿಯಾದದ್ದು ಇದರಲ್ಲಿ ಬರುತ್ತವೆ; ದೇವಿಮನೆ ಘಟ್ಟ ಏರಿ ರೂಢಿಯಿದ್ದವರು 1,948 ಮೀಟರ್ ಎತ್ತರದ ಕ್ಲೌಸೆನ್ ಪಾಸ್ ಎಂಬ ಇಲ್ಲಿನ ಘಟ್ಟವನ್ನು ಸೈಕಲ್ಲಿನ ಭಾರದ ಗೇರಿನಲ್ಲಿ ತುಳಿದು ಸಂಜೆ ಮಂಡಿ ಊದಿಸಿಕೊಂಡರೆ ಅದು ಬರುವುದಿಲ್ಲ, ಅದು ಕಾಯಿಲೆಯ ಲೆಕ್ಕ. ಇವೆರಡರ ನಡುವೆ ಮೂರನೆಯದೊಂದಿದೆ. ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಹರಿಯುವುದು, ಲಿಗಮೆಂಟಿನ (ಮೂಳೆಗಳನ್ನು ಬಿಗಿದಿಡುವ ಕಟ್ಟಿನ) ಗಾಯ, ಸ್ನಾಯು ಅಥವಾ ಸ್ನಾಯುರಜ್ಜು ಹರಿಯುವುದು, ಕೀಲು ತಪ್ಪುವುದು ಮೊದಲಾದ ಗಾಯಗಳ ಪಟ್ಟಿಯನ್ನು ಕಾನೂನು ಕೊಟ್ಟಿದೆ. 2017ರಿಂದ ಜಾರಿಯಲ್ಲಿರುವ ನಿಯಮದಂತೆ, ಈ ಪಟ್ಟಿಯ ಗಾಯವೆಂದು ವೈದ್ಯರು ಗುರುತಿಸಿದರೆ ಅಪಘಾತ ವಿಮೆಯೇ ಹೊಣೆ; ಗಾಯಕ್ಕೆ ಬಹುಪಾಲು ಸವೆತ ಅಥವಾ ಕಾಯಿಲೆಯೇ ಕಾರಣವೆಂದು ವಿಮೆಯವರು ತೋರಿಸಿಕೊಟ್ಟರೆ ಮಾತ್ರ ಆ ಹೊಣೆ ತಪ್ಪುತ್ತದೆ. ಆದ್ದರಿಂದ ಬೀಳದೆಯೇ, ಒದ್ದೆ ಹಿಮದಲ್ಲಿ ತಿರುಗುವಾಗ ಮಂಡಿಯೊಳಗೆ ಏನೋ ಕಿತ್ತಂತಾದವರೂ ವರದಿ ಮಾಡಬೇಕು.

ವರದಿಯನ್ನು ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ತಡಮಾಡದೆ ಕೊಡಬೇಕು. ಅವರು ಅದನ್ನು ವಿಮೆಗೆ ಕಳುಹಿಸಿ ಪ್ರಕರಣದ ಸಂಖ್ಯೆಯೊಂದನ್ನು ತರಿಸುತ್ತಾರೆ. ವೈದ್ಯರಿಗೂ ಔಷಧಿ ಅಂಗಡಿಗೂ ಆ ಸಂಖ್ಯೆಯನ್ನು ಕೊಟ್ಟರೆ ಬಿಲ್ಲು ನೇರವಾಗಿ ವಿಮೆಯವರಿಗೆ ಹೋಗುತ್ತದೆ. ಬಳಿಕ ನಿಮಗೊಂದು ಪ್ರಶ್ನಾವಳಿ ಬರಬಹುದು: ಘಟನೆ ಹೇಗೆ ನಡೆಯಿತು, ಜಾರುವುದು, ಬೀಳುವುದು, ತಗಲುವುದು ಮುಂತಾದ ವಿಶೇಷವೇನಾದರೂ ಆಯಿತೇ, ನೋವು ಯಾವಾಗ ಶುರುವಾಯಿತು, ಹಿಂದೆ ಅದೇ ಮಂಡಿಗೆ ತೊಂದರೆಯಿತ್ತೇ ಎಂದು ಅದು ಕೇಳುತ್ತದೆ. ನನಗೆ ಪರಿಚಯವಿರುವ ಹೊನ್ನಾವರ ಕಡೆಯವರೊಬ್ಬರು, ನಮ್ಮವರ ಸಂಕೋಚಕ್ಕೆ ತಕ್ಕಂತೆ, ‘ಸ್ಕೀ ಮಾಡಿದ ಮೇಲೆ ಮಂಡಿ ನೋವು’ ಎಂದಷ್ಟೇ ಬರೆದು ಕಳುಹಿಸಿದ್ದರು. ಸ್ಕೀಯ ಅಂಚು ಸಿಕ್ಕಿಕೊಂಡು ಪಕ್ಕಕ್ಕೆ ಉರುಳಿದ್ದನ್ನು ಬರೆದಿರಲಿಲ್ಲ. ಬಿದ್ದದ್ದನ್ನು ಅವರು ತಿಂಗಳ ನಂತರ ತಿಳಿಸಿದಾಗ ವಿಮೆಯವರು ಒಪ್ಪಲಿಲ್ಲ. ಘಟನೆಯಾದ ಕೂಡಲೆ ಕೊಟ್ಟ ಹೇಳಿಕೆಗೆ ಆಮೇಲಿನ ಹೇಳಿಕೆಗಿಂತ ಹೆಚ್ಚಿನ ಬೆಲೆಯೆಂಬುದು ಇಲ್ಲಿನ ನ್ಯಾಯಾಲಯಗಳೂ ಪಾಲಿಸಿಕೊಂಡು ಬಂದಿರುವ ಕ್ರಮ. ಇಲ್ಲದ್ದನ್ನು ಸೇರಿಸುವುದು ಬೇಡ; ಆದರೆ ನಡೆದದ್ದರಲ್ಲಿ ಒಂದನ್ನೂ ಬಿಡದೆ, ಸ್ಥಳ, ಹೊತ್ತು, ಹಿಮದ ಸ್ಥಿತಿ, ಕಾಲು ಯಾವ ಕಡೆಗೆ ತಿರುಚಿತು ಎಂಬುದನ್ನೆಲ್ಲ ಅದೇ ದಿನ ಬರೆದಿಡಿ. ಜರ್ಮನ್ ಅಥವಾ ಫ್ರೆಂಚ್ ಸಾಲದಿದ್ದರೆ ಮೊದಲು ಕನ್ನಡದಲ್ಲಿ ಪೂರ್ತಿಯಾಗಿ ಬರೆದುಕೊಂಡು, ಆಮೇಲೆ ಬಲ್ಲವರಿಂದ ಅನುವಾದ ಮಾಡಿಸುವುದು ಒಳ್ಳೆಯದು.

ಹಳೆಯ ನೋವುಳ್ಳವರಿಗೆ ಸಾಮಾನ್ಯವಾಗಿ ಎದುರಾಗುವ ತೊಡಕು ಇನ್ನೂ ಮುಂದಿನದು. ಅಪಘಾತ ವಿಮೆ ಕೆಲವು ತಿಂಗಳು ಹಣ ಕೊಟ್ಟು, ಎಂಆರ್‌ಐಯಲ್ಲಿ ಸವೆತ ಕಂಡ ಮೇಲೆ, ಅಪಘಾತದ ಪರಿಣಾಮ ಮುಗಿದಿದೆ, ಈಗ ಉಳಿದಿರುವುದು ಅಪಘಾತವಾಗದಿದ್ದರೂ ಇರುತ್ತಿದ್ದ ನೋವು ಎಂದು ಪತ್ರ ಬರೆದು ಕೈಬಿಡಬಹುದು. ಹಾಗೆ ನಿಲ್ಲಿಸುವಾಗ ಪರಿಣಾಮ ಮುಗಿದಿದೆ ಎಂಬುದನ್ನು ತೋರಿಸಬೇಕಾದವರು ವಿಮೆಯವರೇ. ಪತ್ರ ಸಾದಾ ರೂಪದಲ್ಲಿದ್ದರೆ ವಿಧಿವತ್ತಾದ ಆದೇಶವನ್ನು ಕೇಳಿ ಪಡೆಯಬೇಕು. ಆದೇಶ ಕೈಸೇರಿದ 30 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಗಾಯವನ್ನು ನೋಡಿದ ವೈದ್ಯರ ವಿವರವಾದ ಅಭಿಪ್ರಾಯ ಜೊತೆಗಿದ್ದರೆ ಆಕ್ಷೇಪಣೆಗೆ ತೂಕ ಬರುತ್ತದೆ. ಯಾರು ಕೊಡಬೇಕೆಂಬ ವಾದ ಎರಡು ವಿಮೆಗಳ ನಡುವೆ ನಡೆಯುತ್ತಿರುವಾಗ ಆರೋಗ್ಯ ವಿಮೆಯವರು ಮುಂಗಡವಾಗಿ ಭರಿಸಬೇಕೆಂದು ಕಾನೂನೇ ಹೇಳುತ್ತದೆ. ಆದ್ದರಿಂದ ತೀರ್ಮಾನಕ್ಕಾಗಿ ಕಾಯುತ್ತ ಚಿಕಿತ್ಸೆಯನ್ನು ನಿಲ್ಲಿಸಬೇಕಾಗಿಲ್ಲ.

ಕಾಯಿಲೆಯ ಲೆಕ್ಕದ ಚಿಕಿತ್ಸೆಯ ದಾರಿ ನೀವು ಆಯ್ದುಕೊಂಡ ಮೂಲ ವಿಮೆಯ ಮಾದರಿಯನ್ನು ಅವಲಂಬಿಸಿದೆ. ಕುಟುಂಬ ವೈದ್ಯರ ಮಾದರಿ ಅಥವಾ ದೂರವಾಣಿ ಸಲಹೆಯ ಮಾದರಿ ಇದ್ದರೆ, ಹುಬ್ಬಳ್ಳಿಯಲ್ಲಿ ಮಾಡಿದಂತೆ ನೇರವಾಗಿ ತಜ್ಞರ ಬಾಗಿಲಿಗೆ ಹೋಗುವಂತಿಲ್ಲ. ಮೊದಲು ಕುಟುಂಬ ವೈದ್ಯರನ್ನು ಅಥವಾ ದೂರವಾಣಿ ಸಲಹೆಯವರನ್ನು ಸಂಪರ್ಕಿಸಿ, ಅವರು ಕಳುಹಿಸಿದಲ್ಲಿಗೆ ಹೋಗಬೇಕು. ಫಿಸಿಯೊಥೆರಪಿಗೆ ವೈದ್ಯರ ಚೀಟಿ ಬೇಕು. ಒಂದು ಚೀಟಿಗೆ ಹೆಚ್ಚೆಂದರೆ ಒಂಬತ್ತು ಸಲ, ಮೊದಲನೆಯದು ಚೀಟಿ ಬರೆದ ಐದು ವಾರಗಳೊಳಗೆ ಆಗಬೇಕು. 36 ಸಲ ಮೀರಿದರೆ ವೈದ್ಯರು ಕಾರಣ ವಿವರಿಸಿ ವಿಮೆಯ ಒಪ್ಪಿಗೆ ಪಡೆಯಬೇಕು. ಎಂಆರ್‌ಐಯನ್ನು ತಕ್ಷಣ ಬರೆಯದ ವೈದ್ಯರನ್ನು ನಮ್ಮವರು ಉದಾಸೀನರೆಂದು ಭಾವಿಸುವುದನ್ನು ಕೇಳಿದ್ದೇನೆ. ಅದು ಸರಿಯಲ್ಲ. ಮಂಡಿ ಸಿಕ್ಕಿಹಾಕಿಕೊಳ್ಳುವುದು, ಇದ್ದಕ್ಕಿದ್ದಂತೆ ಕುಸಿಯುವುದು, ಗಾಯದ ಬೆನ್ನಲ್ಲೇ ಬಾತುಕೊಳ್ಳುವುದು ಇಲ್ಲದಿದ್ದರೆ ಹಳೆಯ ನೋವಿಗೆ ವ್ಯಾಯಾಮವೇ ಮೊದಲ ಮದ್ದು. ಸವೆದ ಮಂಡಿಗೆ ಸಣ್ಣ ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆ (ಆರ್ಥ್ರೋಸ್ಕೋಪಿ) ಬೇಡವೆಂದು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ಬಲವಾಗಿಯೇ ಹೇಳಿದೆ. 2013ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭವಾದ ಗ್ಲಾಡ್ ಎಂಬ ತರಬೇತಿ ಕ್ರಮ ಇಲ್ಲಿಯೂ ದೊರೆಯುತ್ತದೆ. ಮಂಡಿ ಸವೆತವುಳ್ಳವರು ಅದರ ಬಗ್ಗೆ ಕೇಳಬೇಕು.

ಮೊದಲ ದಿನ ಫಿಸಿಯೊಥೆರಪಿಸ್ಟರು ಮಾಡಿಸುವ ಪರೀಕ್ಷೆ ತೀರ ಸರಳವಾಗಿ ಕಾಣುತ್ತದೆ. ಮೆಟ್ಟಿಲೊಂದರ ಅಂಚಿನಲ್ಲಿ ನೋವಿನ ಕಾಲಿನ ಮೇಲೆ ನಿಲ್ಲಿಸಿ, ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗುವಷ್ಟು ನಿಧಾನವಾಗಿ ಇಳಿಸುತ್ತಾರೆ. ಆಗ ಮಂಡಿ ಹೆಬ್ಬೆರಳಿನ ಒಳಬದಿಗೆ ವಾಲುತ್ತದೆಯೇ, ಸೊಂಟದ ಒಂದು ಬದಿ ಕುಸಿಯುತ್ತದೆಯೇ ಎಂದು ಎದುರು ಕುಳಿತು ನೋಡುತ್ತಾರೆ. ತೊಡೆ ಮತ್ತು ಪೃಷ್ಠದ ಸ್ನಾಯುಗಳ ಬಲ ಎಷ್ಟಿದೆಯೆಂಬುದು ಅಲ್ಲಿ ಗೊತ್ತಾಗುತ್ತದೆ. ಸೈಕಲ್ಲನ್ನೂ ಜೊತೆಗೆ ಒಯ್ಯಬಹುದೇ ಎಂದು ಕೇಳಿ. ಸೀಟು ತಗ್ಗಾಗಿದ್ದರೆ ಮಂಡಿಯ ಮುಂಭಾಗಕ್ಕೂ, ಎತ್ತರವಾದರೆ ಹಿಂಭಾಗಕ್ಕೂ ನೋವು ಬರುವುದು ಸಾಮಾನ್ಯ. ಪೆಡಲು ಕೆಳಗಿದ್ದಾಗ ಮಂಡಿ 25ರಿಂದ 35 ಡಿಗ್ರಿಯಷ್ಟು ಮಡಚಿದ್ದರೆ ಒಳ್ಳೆಯದು. ಸ್ಕೀಯ ಬೈಂಡಿಂಗನ್ನು, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಟ್ಟು ಬಿದ್ದಾಗ ಬಿಟ್ಟುಕೊಡುವ ಕೊಂಡಿಯನ್ನು, ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮತ್ತು ಕೌಶಲಕ್ಕೆ ತಕ್ಕಂತೆ ಪ್ರತಿ ಚಳಿಗಾಲದ ಮೊದಲು ಅಂಗಡಿಯಲ್ಲಿ ಪರೀಕ್ಷಿಸಿ ಹೊಂದಿಸಬೇಕು. ಆದರೂ ಅದು ಮಂಡಿಯ ಲಿಗಮೆಂಟನ್ನು ಖಚಿತವಾಗಿ ಉಳಿಸುತ್ತದೆಂಬ ಭರವಸೆ ಬೇಡ.

ಎಣ್ಣೆ ಮತ್ತು ಶಾಖದ ಚಿಕಿತ್ಸೆಯನ್ನು ನಂಬುವವರಿಗೊಂದು ಮಾತು. ಅಕ್ಯುಪಂಕ್ಚರ್, ಹೋಮಿಯೋಪಥಿ ಮೊದಲಾದ ಐದು ಪದ್ಧತಿಗಳನ್ನು ಅದರಲ್ಲಿ ತರಬೇತಾದ ವೈದ್ಯರು ಮಾಡಿದರೆ ಮೂಲ ವಿಮೆ ಹಣ ಕೊಡುತ್ತದೆ. ಆಯುರ್ವೇದ ಆ ಐದರಲ್ಲಿಲ್ಲ. ಅದಕ್ಕೆ ಹೆಚ್ಚುವರಿ ವಿಮೆ ಬೇಕು, ಮತ್ತು ಹೆಚ್ಚುವರಿ ವಿಮೆಯವರು ಆರೋಗ್ಯದ ಪ್ರಶ್ನೆ ಕೇಳಿ ಹಳೆಯ ಮಂಡಿನೋವನ್ನು ಹೊರಗಿಡಬಹುದು. ಹಾಗಾಗಿ ಅದನ್ನು ಮಾಡಿಸುವುದಿದ್ದರೆ ನೋವಿಲ್ಲದ ಕಾಲದಲ್ಲಿಯೇ ಮಾಡಿಸಬೇಕು. ಊರಿಗೆ ಹೋದಾಗ ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದು ಬಿಲ್ಲು ಕೊಡುತ್ತೇನೆಂದರೆ ಮೂಲ ವಿಮೆ ಒಪ್ಪುವುದಿಲ್ಲ. ಭಾರತದಲ್ಲಿ ತುರ್ತು ಚಿಕಿತ್ಸೆಗೆ ಮಾತ್ರ, ಸ್ವಿಸ್ ದರದ ಎರಡರಷ್ಟು ಮೀರದಂತೆ ಕೊಡುತ್ತದೆ.

ಕೆಲಸ ಮುಗಿಸಿ ಖಾಯಂ ಆಗಿ ಶಿರಸಿಗೋ ಕಾರವಾರಕ್ಕೋ ಹಿಂದಿರುಗುವವರು ಎಂಆರ್‌ಐ ಚಿತ್ರಗಳ ಪ್ರತಿ, ಶಸ್ತ್ರಚಿಕಿತ್ಸೆಯ ವರದಿ, ಪ್ರಕರಣದ ಸಂಖ್ಯೆ ಮತ್ತು ವಿಮೆಯ ಪತ್ರಗಳನ್ನು ತಪ್ಪದೆ ಒಯ್ಯಬೇಕು. ಒಪ್ಪಿಕೊಂಡ ಅಪಘಾತದ ನೋವು ವರ್ಷಗಳ ನಂತರ ಮರುಕಳಿಸಿದರೂ ಅಂದಿನ ಅಪಘಾತ ವಿಮೆಯವರಿಗೆ ಅದನ್ನು ತಿಳಿಸಬಹುದು. ಆಗ ಹಳೆಯ ಅಪಘಾತಕ್ಕೂ ಹೊಸ ನೋವಿಗೂ ಇರುವ ಸಂಬಂಧವನ್ನು ತೋರಿಸುವ ಹೊಣೆ ನಿಮ್ಮದಾಗಿರುತ್ತದೆ, ಮತ್ತು ಅದಕ್ಕೆ ಬೇಕಾಗುವುದು ಇವೇ ಕಾಗದಗಳು.