ಊರಿಗೆ ಊರೇ ರಜೆ ಹಾಕಿದ ದಿನ: ಗೆಳೆಯರೊಂದಿಗೆ ಲಂಡನ್ನಿನಲ್ಲಿ ಕ್ರಿಸ್‌ಮಸ್

ಡಿಸೆಂಬರ್ 25ರಂದು ಲಂಡನ್ನಿನಲ್ಲಿ ಟ್ಯೂಬ್ ಎಂದು ಕರೆಯುವ ನೆಲದಡಿಯ ರೈಲು ಓಡುವುದಿಲ್ಲ. ಕೆಂಪು ಬಸ್ಸುಗಳೂ ರಸ್ತೆಗಿಳಿಯುವುದಿಲ್ಲ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಆ ದಿನ ಬಾಗಿಲು ತೆರೆಯಕೂಡದೆಂದು 2004ರಲ್ಲಿ ಕಾನೂನೇ ಬಂದಿದೆ. ಕ್ರಿಸ್‌ಮಸ್ ನೋಡಲೆಂದೇ ಸಾಲ ಸೋಲ ಮಾಡಿ ಹೋದವರು ಅಂದು ಹೋಟೆಲ್ ಕೋಣೆಯಲ್ಲಿ ಬಿಸ್ಕತ್ತು ತಿಂದು ಹೊತ್ತು ಕಳೆದ ಕಥೆಗಳನ್ನು ಕೇಳಿದ್ದೇನೆ. ನನಗೆ ಮಾತ್ರ ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ದಿನವೇ. ಉಳಿದ ದಿನಗಳ ಏರ್ಪಾಡನ್ನೆಲ್ಲ ನಾವು ಆ ಒಂದು ದಿನವನ್ನು ಮುಂದಿಟ್ಟುಕೊಂಡೇ ಮಾಡಿದ್ದೆವು.

ನಾವೆಂದರೆ ಮಂಗಳೂರಿನಲ್ಲಿ ಒಂದೇ ತರಗತಿಯಲ್ಲಿ ಎಂಜಿನಿಯರಿಂಗ್ ಓದಿದವರು. ಒಬ್ಬ ಲಂಡನ್ನಿನಲ್ಲೇ ಕೆಲಸದಲ್ಲಿದ್ದಾನೆ. ಉಳಿದವರು ಬೆಂಗಳೂರು, ಧಾರವಾಡ, ಮಂಗಳೂರಿನಿಂದ ಹೊರಟವರು. ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಮೂರು ತಿಂಗಳು ಮುಂಚಿತವಾಗಿ ಮಾತ್ರ ಅರ್ಜಿ ಹಾಕಬಹುದಾದ್ದರಿಂದ ಸೆಪ್ಟೆಂಬರ್ ಕೊನೆಗೇ ಎಲ್ಲರೂ ಕಾಗದಪತ್ರ ಜೋಡಿಸಿಟ್ಟುಕೊಂಡಿದ್ದೆವು. ಆ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲ.

ಹೇಳಲೇಬೇಕಾದದ್ದು ಮನೆಯ ಬಗ್ಗೆ. ವಾಹನವಿಲ್ಲದ ದಿನ ಕಾಲೇ ಗತಿ. ಆದ್ದರಿಂದ ನದಿಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು, ಅಡುಗೆಮನೆ ಇರಬೇಕು, ಅದರಲ್ಲಿ ಓವನ್ ಇರಬೇಕು ಎಂದು ಹಟ ಹಿಡಿದೆ. ದೂರದ ಬಡಾವಣೆಯಲ್ಲಿ ಇನ್ನೂ ಅಗ್ಗಕ್ಕೆ ದೊಡ್ಡ ಮನೆ ಸಿಗುತ್ತಿತ್ತು. ಆದರೂ ಕೆನ್ನಿಂಗ್ಟನ್‌ನಲ್ಲಿ ಇಕ್ಕಟ್ಟಾದ ಫ್ಲ್ಯಾಟೊಂದನ್ನು ಬಾಡಿಗೆಗೆ ಹಿಡಿದೆವು. ಅಲ್ಲಿಂದ ಪಾರ್ಲಿಮೆಂಟಿಗೆ ಹೆಚ್ಚೆಂದರೆ ಅರ್ಧ ಗಂಟೆಯ ನಡಿಗೆ. ಅಲ್ಲಿ ಟ್ಯೂಬಿನ ನಾರ್ದರ್ನ್ ಲೈನ್ ಹಿಡಿದರೆ ನೇರ ಟೂಟಿಂಗ್. ಟೂಟಿಂಗ್‌ನಲ್ಲಿ ದಕ್ಷಿಣ ಭಾರತದವರ ಅಂಗಡಿಗಳು ಬೇಕಾದಷ್ಟಿವೆ. 23ರಂದೇ ಹೋಗಿ ತೊಗರಿಬೇಳೆ, ಕರಿಬೇವು, ತೆಂಗಿನಕಾಯಿ, ಹುಣಸೆಹಣ್ಣು ತಂದೆವು. ಬಿಸಿಬೇಳೆ ಬಾತಿನ ಪುಡಿ ಊರಿನಿಂದ ಬಂದಿತ್ತು. 24ರ ಸಂಜೆ ದೊಡ್ಡ ಅಂಗಡಿಗಳು ಎಂದಿಗಿಂತ ಬೇಗ ಮುಚ್ಚುತ್ತವೆ; ಹಾಲು, ಬ್ರೆಡ್ಡು, ತರಕಾರಿ ಕೊಳ್ಳುವುದನ್ನು ಆ ಸಂಜೆಗೆಂದು ಉಳಿಸಿಕೊಳ್ಳಬಾರದು.

ಊರಿನಿಂದ ತಿಂಡಿ ಒಯ್ಯುವವರಿಗೆ ಒಂದು ಮಾತು. ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಭಾರತದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಧಾರವಾಡದ ಗೆಳೆಯ ಪೇಡವನ್ನು ಮನೆಯಲ್ಲೇ ಬಿಟ್ಟು ಬರಬೇಕಾಯಿತು. ಮಂಗಳೂರಿನ ಬೆಂದೂರಿನ ಗೆಳತಿ ಮಾತ್ರ ಅಮ್ಮ ಕರಿದುಕೊಟ್ಟ ಕಿಡಿಯೊ, ನೆವ್ರಿಗಳನ್ನು ಡಬ್ಬಿ ತುಂಬ ತಂದಿದ್ದಳು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್, ಅಂದರೆ ಹಬ್ಬಕ್ಕೆಂದು ಮಾಡುವ ಇಂಥ ಬಗೆಬಗೆಯ ತಿಂಡಿಗಳು, ಇಲ್ಲದೆ ಕ್ರಿಸ್‌ಮಸ್ ಇಲ್ಲ. ಕಾಲೇಜಿನ ದಿನಗಳಲ್ಲಿ ಅವಳ ಮನೆಯಿಂದ ಬರುತ್ತಿದ್ದ ಆ ಡಬ್ಬಿಗಾಗಿ ನಾವೆಲ್ಲ ಕಾದು ಕೂರುತ್ತಿದ್ದೆವು.

ನಮ್ಮ ಹಬ್ಬ ಶುರುವಾದದ್ದು ಅವಳಿಂದಲೇ. 24ರ ನಡುರಾತ್ರಿಯ ಬಲಿಪೂಜೆಗೆ ಅವಳು ಹೋಗಲೇಬೇಕಿತ್ತು; ಅವಳೊಬ್ಬಳನ್ನೇ ಕಳಿಸುವ ಮನಸ್ಸು ಯಾರಿಗೂ ಇರಲಿಲ್ಲ. ಪ್ರವಾಸಿಗರು ಮುಗಿಬೀಳುವ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚು ಆಂಗ್ಲಿಕನ್ ಪಂಥದವರದು. ಅವಳಂಥ ಕ್ಯಾಥೊಲಿಕರ ವೆಸ್ಟ್‌ಮಿನ್‌ಸ್ಟರ್ ಕೆಥೆಡ್ರಲ್ ಬೇರೆಯೇ ಕಟ್ಟಡ, ವಿಕ್ಟೋರಿಯಾ ನಿಲ್ದಾಣದ ಹತ್ತಿರ. ಕೆಂಪು ಇಟ್ಟಿಗೆಯ ನಡುನಡುವೆ ಬಿಳಿ ಕಲ್ಲಿನ ಪಟ್ಟೆ. ಒಳಗೆ ಕೆಳಗಿನ ಗೋಡೆಗಳಿಗೆಲ್ಲ ಬಣ್ಣಬಣ್ಣದ ಅಮೃತಶಿಲೆ. ಮೇಲಿನ ಗುಮ್ಮಟಗಳ ಅಲಂಕಾರ ಪೂರ್ತಿಯಾಗದೆ ಇಟ್ಟಿಗೆ ಹಾಗೇ ಕಪ್ಪಗೆ ಉಳಿದಿದೆ. ಆ ಕತ್ತಲೆಯಿಂದ ಗಾಯನ ಇಳಿದು ಬಂದಾಗ ಮೈ ಜುಮ್ಮೆಂದಿತು. ಗೆಳತಿ ದಪ್ಪ ಕೋಟಿನೊಳಗೆ ಅಮ್ಮನ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಪರಿಚಯವೇ ಇಲ್ಲದ ಹೆಂಗಸೊಬ್ಬರು ಅದರ ಸೆರಗನ್ನು ಮುಟ್ಟಿ ನೋಡಿ ಹಬ್ಬದ ಶುಭಾಶಯ ಹೇಳಿ ಹೋದರು. ಮುಗಿಯುವಾಗ ರೈಲು ಬಸ್ಸುಗಳ ಆಸೆ ಇರಲಿಲ್ಲ. ಲ್ಯಾಂಬೆತ್ ಸೇತುವೆ ದಾಟಿ ಮಾತಾಡುತ್ತ ಮನೆಗೆ ನಡೆದೆವು. ಅದು ಕೆಂಪು ಬಣ್ಣದ ಸೇತುವೆ, ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನ ಆಸನಗಳ ಬಣ್ಣ. ಮುಂದಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಕೆಳಮನೆಯಾದ ಕಾಮನ್ಸ್‌ನ ಹಸಿರು.

ಡಿಸೆಂಬರಿನಲ್ಲಿ ಅಲ್ಲಿ ಬೆಳಗಾಗುವುದು ಎಂಟರ ಮೇಲೆ, ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಹಿಮವನ್ನು ನಿರೀಕ್ಷಿಸಬೇಡಿ, ಜಿನುಗು ಮಳೆ ಮತ್ತು ಥಂಡಿ ಗಾಳಿಗೆ ಸಿದ್ಧರಾಗಿ. ನೀರು ಒಳಗಿಳಿಯದ ಬೂಟಿಗೆ ಮಾಡಿದ ಖರ್ಚು ಎಂದೂ ದಂಡವಲ್ಲ. 25ರಂದು ತೆರೆದ ಕೆಫೆ ಸಿಗುವುದು ಅಪರೂಪವಾದ್ದರಿಂದ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತುಂಬಿಕೊಂಡು ಹೊರಟೆವು.

ಮೊದಲು ಹೋದದ್ದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ. ಥೇಮ್ಸ್ ದಂಡೆಯಲ್ಲಿ ಅಲ್ಲಿ ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿಯ ಕಡೆಯ ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಅನುಭವ ಮಂಟಪವನ್ನು ಕಟ್ಟಿದವರು ಪಾರ್ಲಿಮೆಂಟಿನಿಂದ ಕೂಗಳತೆಯಲ್ಲಿ ಇರುವುದು ತಕ್ಕದ್ದೇ ಎಂದು ನನಗೆ ಅನ್ನಿಸಿತು. ಬೇರೆ ದಿನ ಅಲ್ಲಿ ವಾಹನಗಳ ಗದ್ದಲ. ಅಂದು ಧಾರವಾಡದ ಗೆಳೆಯ ಮೆಲುದನಿಯಲ್ಲಿ ವಚನ ಹೇಳಿದ್ದು ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

ಅಲ್ಲಿಂದ ನದಿಯ ಗುಂಟ ನಡೆದರೆ ಸೇಂಟ್ ಥಾಮಸ್ ಆಸ್ಪತ್ರೆಯ ಮುಂದೆ ಉದ್ದಾನುದ್ದ ಗೋಡೆ, ಅದರ ಮೇಲೆಲ್ಲ ಕೈಯಿಂದ ಬಿಡಿಸಿದ ಕೆಂಪು ಹೃದಯಗಳು. ಕೋವಿಡ್‌ನಿಂದ ಬ್ರಿಟನ್ನಿನಲ್ಲಿ ತೀರಿಕೊಂಡವರಿಗೆ ಒಬ್ಬೊಬ್ಬರಿಗೆ ಒಂದರಂತೆ, 2021ರಲ್ಲಿ ಮನೆಯವರೂ ಸ್ವಯಂಸೇವಕರೂ ಬರೆಯತೊಡಗಿದ್ದು. ನಮ್ಮಲ್ಲೊಬ್ಬನ ತಂದೆ ಅದೇ ವರ್ಷ ಬೆಂಗಳೂರಿನಲ್ಲಿ ಹೋಗಿದ್ದರು. ನಮ್ಮಲ್ಲಿ ಯಾರಿಗೂ ಆಗ ಅವನ ಬಳಿಗೆ ಹೋಗಲು ಆಗಿರಲಿಲ್ಲ. ಹಬ್ಬದ ದಿನ ಅಲ್ಲಿಗೆ ಕರೆದೊಯ್ಯಬೇಕೋ ಬೇಡವೋ ಎಂದು ನಾನು ಹಿಂದಿನ ರಾತ್ರಿಯೇ ಅವನನ್ನು ಕೇಳಿದ್ದೆ. "ಹೋಗೋಣ, ನೀವೆಲ್ಲ ಇದ್ದೀರಲ್ಲ" ಎಂದಿದ್ದ. ಅವನು ನಡೆದಷ್ಟು ನಿಧಾನವಾಗಿ ನಾವೂ ನಡೆದೆವು.

ಸೇತುವೆ ದಾಟಿ ಟ್ರಾಫಲ್ಗರ್ ಚೌಕಕ್ಕೆ ಬಂದರೆ ದೊಡ್ಡ ಸ್ಪ್ರೂಸ್ ಮರ. ಎರಡನೇ ಮಹಾಯುದ್ಧದಲ್ಲಿ ನಾರ್ವೆಗೆ ಬ್ರಿಟನ್ ನೀಡಿದ ಬೆಂಬಲವನ್ನು ನೆನೆದು ಆಸ್ಲೋ ನಗರ 1947ರಿಂದ ಪ್ರತಿ ವರ್ಷ ಕಳಿಸುವ ಕಾಣಿಕೆ. ನಾರ್ವೆಯ ಪದ್ಧತಿಯಂತೆ ದೀಪದ ಸರಗಳನ್ನು ಸುತ್ತದೆ, ತುದಿಯಿಂದ ನೇರ ಕೆಳಗೆ ಇಳಿಬಿಡುತ್ತಾರೆ. ಕಣ್ಣು ಕೋರೈಸುವ ಮರವಲ್ಲ. ಅದಕ್ಕೇ ನನಗೆ ಹಿಡಿಸಿತು. ಮುಂದೆ ರೀಜೆಂಟ್ ಸ್ಟ್ರೀಟಿನಲ್ಲಿ, ಎರಡು ದಿನದ ಹಿಂದೆ ಭುಜಕ್ಕೆ ಭುಜ ತಾಗುತ್ತಿದ್ದ ಕಡೆ, ರಸ್ತೆಯ ನಟ್ಟನಡುವೆ ನಿಂತು ತಲೆಯೆತ್ತಿ ರೆಕ್ಕೆ ಬಿಚ್ಚಿದ ದೀಪದ ದೇವತೆಗಳನ್ನು ನೋಡಿದೆವು.

ಮಧ್ಯಾಹ್ನದೊಳಗೆ ಮನೆ ಸೇರಿ ಅಡುಗೆ ಹಿಡಿದೆವು. ಶಾಕಾಹಾರಿಗಳು ಇಲ್ಲಿ ಎಚ್ಚರ ವಹಿಸಬೇಕು. ಮಿನ್ಸ್ ಪೈಗಳಲ್ಲಿ ಈಗ ಇರುವುದು ಒಣಹಣ್ಣುಗಳ ಹೂರಣ, ಆದರೆ ಕೆಲವಕ್ಕೆ ದನದ ಕೊಬ್ಬು ಸೇರಿಸುತ್ತಾರೆ. ಕ್ರಿಸ್‌ಮಸ್ ಪುಡಿಂಗಿಗೂ ಅಷ್ಟೇ. ಹುರಿದ ಆಲೂಗಡ್ಡೆಗೆ ಹೆಬ್ಬಾತು ಹಕ್ಕಿಯ ಕೊಬ್ಬು ಹಾಕುವ ರೂಢಿಯಿದೆ. ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳಿ. ನಾವು ಆಲೂಗಡ್ಡೆಯನ್ನು ಸೂರ್ಯಕಾಂತಿ ಎಣ್ಣೆಯಲ್ಲೇ ಮಾಡಿದೆವು. ಸಿಪ್ಪೆ ತೆಗೆದು ಉಪ್ಪುನೀರಿನಲ್ಲಿ ಅರೆಬೇಯಿಸಿ, ನೀರು ಬಸಿದು, ಪಾತ್ರೆಗೆ ಮುಚ್ಚಳ ಹಾಕಿ ಜೋರಾಗಿ ಕುಲುಕಿದರೆ ಅಂಚೆಲ್ಲ ತರಿತರಿಯಾಗುತ್ತದೆ. ಓವನ್ನಿನಲ್ಲಿ ಟ್ರೇ ಸಮೇತ ಎಣ್ಣೆ ಕಾದಿರಬೇಕು. ಆಲೂಗಡ್ಡೆ ಬಿದ್ದೊಡನೆ ಚುರ್ ಎನ್ನಬೇಕು. ಆ ತರಿಗಳೇ 200 ಡಿಗ್ರಿಯಲ್ಲಿ ಗರಿಗರಿಯಾಗುವುದು. ನಡುವೆ ಒಮ್ಮೆ ಮಗುಚಿದರೆ ಮುಕ್ಕಾಲು ಗಂಟೆಯಲ್ಲಿ ಹೊಂಬಣ್ಣ ಬರುತ್ತದೆ. ಬಿಸಿಬೇಳೆ ಬಾತಿನ ಜೊತೆ ನೆಂಚಿಕೊಳ್ಳಲು ಅದಕ್ಕಿಂತ ಒಳ್ಳೆಯದನ್ನು ನಾನು ತಿಂದಿಲ್ಲ.

ಮೂರು ಗಂಟೆಗೆ ಟಿವಿಯಲ್ಲಿ ರಾಜರ ಭಾಷಣ. 1932ರಲ್ಲಿ ಐದನೇ ಜಾರ್ಜ್ ರೇಡಿಯೋದಲ್ಲಿ ಆರಂಭಿಸಿದ ಪದ್ಧತಿ. ಅದು ಮುಗಿದ ಮೇಲೆ ಗೆಳತಿ ಕುಸ್ವಾರ್ ತಟ್ಟೆಗಳನ್ನು ಜೋಡಿಸಿ, "ನೆರೆಹೊರೆಗೆ ಹಂಚದೆ ನಾವು ತಿನ್ನುವ ಹಾಗಿಲ್ಲ" ಎಂದಳು. ಮಹಡಿಯ ಪ್ರತಿ ಬಾಗಿಲನ್ನೂ ತಟ್ಟಿದೆವು. ಎದುರು ಮನೆಯ ವೃದ್ಧ ದಂಪತಿ ನಮ್ಮನ್ನು ಒಳಗೆ ಕರೆದು ಕೂರಿಸಿ, ನೆವ್ರಿಯೊಳಗೆ ಏನಿದೆ ಎಂದು ವಿಚಾರಿಸಿಕೊಂಡರು. ಹೊರಡುವಾಗ ನಮ್ಮ ತಟ್ಟೆಯಲ್ಲಿ ಅವರ ಮನೆಯ ಹಣ್ಣಿನ ಕೇಕಿನ ತುಂಡುಗಳಿದ್ದವು.

26ರಂದು ಟ್ಯೂಬ್ ಮತ್ತೆ ಓಡತೊಡಗಿತು. ಆಕ್ಸ್‌ಫರ್ಡ್ ಸ್ಟ್ರೀಟಿನ ರಿಯಾಯಿತಿ ಮಾರಾಟಕ್ಕೆ ಇಬ್ಬರು ಬೆಳಿಗ್ಗೆಯೇ ಓಡಿದರು. ಉಳಿದವರು ಮಿಕ್ಕ ಆಲೂಗಡ್ಡೆಯನ್ನು ಕಿವುಚಿ, ಒಗ್ಗರಣೆ ಕೊಟ್ಟು, ದೋಸೆಗೆ ಪಲ್ಯ ಮಾಡಿಕೊಂಡೆವು.