ಪಾಯಿಂಟ್ ಕೊಟ್ಟು ಪರದೇಶದಲ್ಲಿ ರೂಮು: ಕಲಬುರಗಿಯಿಂದ ಹೊರಡುವ ಮುಂಚೆ ಮಾಡಬೇಕಾದ ಲೆಕ್ಕ

ಪುಕ್ಕಟೆ ಅಂದರೆ ನಮ್ಮ ಕಾಕಾ ನಂಬುವವರಲ್ಲ. ಕೌಲಾಲಂಪುರದಲ್ಲಿ ಮೂರು ರಾತ್ರಿ ಇದ್ದೆವು, ರೂಮಿಗೆ ಬಾಡಿಗೆ ಕೊಡಲಿಲ್ಲ ಅಂತ ಹೇಳಿದಾಗ ತೊಗರಿ ಚೀಲಕ್ಕೆ ಒರಗಿ ಕೂತಿದ್ದವರು ನಕ್ಕುಬಿಟ್ಟರು. "ಎಲ್ಲೋ ಒಂದ್ ಕಡಿ ಕಿತ್ಕೊಂಡಿರ್ತಾರ ತಮ್ಮಾ, ನಿನಗ ಗೊತ್ತಾಗಿಲ್ಲ ಅಷ್ಟೇ" ಅಂದರು. ಅವರ ಮಾತು ಅರ್ಧ ನಿಜ. ಕೌಂಟರಿನಲ್ಲಿ 30 ರಿಂಗಿಟ್ (ಮಲೇಷ್ಯಾದ ಹಣ) ಕಿತ್ಕೊಂಡಿದ್ದರು. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನದು ದಾಲ್ ಮಿಲ್‌ನಲ್ಲಿ ಮಾರಾಟ ನೋಡಿಕೊಳ್ಳುವ ಕೆಲಸ. ತಿಂಗಳಿಗೆ ಮೂರ್ನಾಲ್ಕು ರಾತ್ರಿ ಹೈದರಾಬಾದ್, ಬೆಂಗಳೂರು, ಚೆನ್ನೈ ಅಂತ ಹೊರಗೇ ಇರುತ್ತೇನೆ. ಹೋಟೆಲ್ ಬಿಲ್ಲು ಮಿಲ್ಲಿನದು, ಪಾಯಿಂಟ್ ಮಾತ್ರ (ಉಳಿದುಕೊಂಡದ್ದಕ್ಕೆ ಹೋಟೆಲ್ ಕಂಪನಿ ಕೊಡುವ ಅಂಕ, ಮುಂದೆ ರೂಮಿಗೆ ದುಡ್ಡಿನ ಬದಲು ಇದನ್ನೇ ಕೊಡಬಹುದು) ಇಳಿದುಕೊಂಡವರ ಹೆಸರಿಗೆ ಬರುತ್ತದೆ. (ಮಾಲೀಕರಿಗೆ ಒಂದು ಮಾತು ಹೇಳಿಬಿಡಿ. ನಾನು ಹೇಳಿದೆ. "ಅದೇನ್ ಪಾಯಿಂಟೋ, ತಗೋರಿ" ಅಂದರು.) ಆದರೆ ಮೊದಲ ಎರಡು ವರ್ಷ ನನಗೆ ಒಂದು ಪಾಯಿಂಟೂ ಬಂದಿರಲಿಲ್ಲ. ಕಾರಣ ಸುಲಭ. ನಾನು ಟಿಕೆಟ್-ಹೋಟೆಲ್ ಎಲ್ಲ ಒಂದೇ ಕಡೆ ಸಿಗುವ ಆ್ಯಪ್‌ಗಳಲ್ಲಿ ಬುಕ್ ಮಾಡುತ್ತಿದ್ದೆ. ಹೋಟೆಲ್ ಸರಪಳಿಯ (ಊರೂರಿಗೆ ಹೋಟೆಲ್ ಇರುವ ಕಂಪನಿಯ) ಸ್ವಂತ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ, ನಿಮ್ಮ ಸದಸ್ಯತ್ವದ ಸಂಖ್ಯೆ ಹಾಕಿ ಬುಕ್ ಮಾಡಿದರೆ ಮಾತ್ರ ಸಾಮಾನ್ಯವಾಗಿ ಪಾಯಿಂಟ್ ಸಿಗುತ್ತದೆ. ಸದಸ್ಯತ್ವಕ್ಕೆ ದುಡ್ಡಿಲ್ಲ, ಹೆಸರು, ಫೋನು, ಇಮೇಲ್ ಕೊಟ್ಟರೆ ಐದು ನಿಮಿಷದ ಕೆಲಸ. ಇವತ್ತೇ ಮಾಡಿಟ್ಟುಕೊಳ್ಳಿ.

ಯಾವ ಸರಪಳಿ? ದೊಡ್ಡ ಹೆಸರು ಕೇಳಿ ಹೆದರಬೇಡಿ, ಎಲ್ಲ ದೊಡ್ಡ ಕಂಪನಿಗಳೂ ಒಂದು ಅಗ್ಗದ ಬ್ರ್ಯಾಂಡ್ ಇಟ್ಟಿರುತ್ತವೆ. ಅಕೋರ್‌ಗೆ ಐಬಿಸ್ ಮತ್ತು ಐಬಿಸ್ ಬಜೆಟ್. ಮ್ಯಾರಿಯಟ್‌ಗೆ ಫೇರ್‌ಫೀಲ್ಡ್. ಹಿಲ್ಟನ್‌ಗೆ ಹ್ಯಾಂಪ್ಟನ್. ಐಎಚ್‌ಜಿಗೆ ಹಾಲಿಡೇ ಇನ್ ಎಕ್ಸ್‌ಪ್ರೆಸ್. ವಿಂಡಮ್‌ಗೆ ಸೂಪರ್ 8, ಡೇಸ್ ಇನ್. ನೀವು ಕೆಲಸಕ್ಕೆ ಹೋಗುವ ಊರಿನಲ್ಲಿ ಯಾವುದಿದೆ, ರಜೆಗೆ ಹೋಗಬೇಕೆಂದಿರುವ ದೇಶದಲ್ಲಿ ಯಾವುದಿದೆ, ಎರಡೂ ಕಡೆ ಇರುವ ಒಂದನ್ನು ಹಿಡಿಯಿರಿ. ಐದು ಕಡೆ ಐನೂರು ಐನೂರು ಪಾಯಿಂಟ್ ಚೆಲ್ಲಿಕೊಂಡು ಕೂತರೆ ಯಾವುದೂ ಕೈಗೆ ಹತ್ತುವುದಿಲ್ಲ.

ಈಗ ಲೆಕ್ಕ. ಬಹಳ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನ ಹೇಳುತ್ತೇನೆ. ಪಾಯಿಂಟ್ ಅಂದರೆ ದುಡ್ಡೇ, ಬರೀ ಬೇರೆ ಹೆಸರು. ಹಾಗಾದರೆ ಒಂದು ಪಾಯಿಂಟಿಗೆ ಎಷ್ಟು ಪೈಸೆ ಬಂತು ಅಂತ ನೋಡದೆ ಖರ್ಚು ಮಾಡಬಾರದು, ಅಲ್ವಾ?

ಅಕೋರ್‌ನಲ್ಲಿ ಇದು ತೀರಾ ಸರಳ. 2,000 ಪಾಯಿಂಟಿಗೆ ಬಿಲ್ಲಿನಲ್ಲಿ 40 ಯೂರೋ ಕಡಿಮೆ, ಅಷ್ಟೇ. ಯೂರೋಗೆ 100 ರೂಪಾಯಿ ಅಂತ ಹಿಡಿದರೆ 4,000 ರೂಪಾಯಿ, ಅಂದರೆ ಪಾಯಿಂಟಿಗೆ 2 ರೂಪಾಯಿ. ಸೀಸನ್ ಇರಲಿ ಬಿಡಲಿ ಬೆಲೆ ಅದೇ, ಮೋಸವೂ ಇಲ್ಲ, ಲಾಟರಿಯೂ ಇಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಲು ಇಷ್ಟವಿಲ್ಲದವರಿಗೆ ಇದೇ ಸರಿ.

ವಿಂಡಮ್‌ದು ಬೇರೆ ದಾರಿ. ಅಲ್ಲಿ ಪುಕ್ಕಟೆ ರಾತ್ರಿಗೆ ಮೂರೇ ದರ: 7,500, 15,000, 30,000 ಪಾಯಿಂಟ್. ಒಂದು ಹೋಟೆಲ್ 15,000ದ ಪಟ್ಟಿಯಲ್ಲಿದ್ದರೆ, ಮಳೆಗಾಲದ ಖಾಲಿ ಮಂಗಳವಾರಕ್ಕೂ 15,000, ಹೊಸ ವರ್ಷದ ಹಿಂದಿನ ರಾತ್ರಿ ರೂಮು ಉಳಿದಿದ್ದರೆ ಅದಕ್ಕೂ 15,000. ಅದೇ ರೂಮು ಒಂದು ದಿನ 3,000 ರೂಪಾಯಿ, ಇನ್ನೊಂದು ದಿನ 9,000 ಅಂದುಕೊಳ್ಳಿ. ಮೊದಲ ದಿನ ಪಾಯಿಂಟಿಗೆ 20 ಪೈಸೆ ಬಂತು, ಎರಡನೇ ದಿನ 60 ಪೈಸೆ. ತೊಗರಿ ರೇಟು ಏರುವ ತನಕ ಚೀಲ ಗೋದಾಮಿನಲ್ಲಿ ಇಟ್ಟುಕೊಳ್ಳುವ ರೈತನಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ರೂಮು ಅಗ್ಗ ಇದ್ದ ದಿನ ದುಡ್ಡು ಕೊಡಿ, ತುಟ್ಟಿ ಇದ್ದ ದಿನ ಪಾಯಿಂಟ್ ತೆಗೆಯಿರಿ.

ಮ್ಯಾರಿಯಟ್, ಹಿಲ್ಟನ್, ಐಎಚ್‌ಜಿಗಳಲ್ಲಿ ಸ್ಥಿರ ಪಟ್ಟಿ ಇಲ್ಲ, ಪಾಯಿಂಟ್ ದರವೂ ದಿನದಿನಕ್ಕೆ ಏರಿಳಿಯುತ್ತದೆ. ಅಲ್ಲಿ ಪ್ರತಿ ಸಲ ಲೆಕ್ಕ ಹಾಕಬೇಕು. ತೆರಿಗೆ ಸೇರಿ ನಗದು ಬೆಲೆ ಎಷ್ಟು, ಅದರಲ್ಲಿ ಪಾಯಿಂಟ್ ಕೊಟ್ಟ ಮೇಲೂ ಕೈಯಿಂದ ಕಟ್ಟಬೇಕಾದದ್ದು ಕಳೆಯಿರಿ, ಉಳಿದದ್ದನ್ನು ಪಾಯಿಂಟ್‌ಗಳಿಂದ ಭಾಗಿಸಿ. ತೆರಿಗೆ ಸೇರಿಸುವುದನ್ನು ಮರೆಯಬೇಡಿ, ಮೊದಲ ಪುಟದಲ್ಲಿ ಕಾಣುವ ಬೆಲೆ ಬಹಳ ಸಲ ತೆರಿಗೆ ಬಿಟ್ಟಿರುತ್ತದೆ. ನಾನು ಒಂದು ಹಳೆ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ಹೆಂಡತಿ ನೋಡಿ ನಗುತ್ತಾಳೆ, ನಗಲಿ.

ಇನ್ನೊಂದು ಲಾಭ ಇದೆ. ಮ್ಯಾರಿಯಟ್‌ನಲ್ಲಿ ಒಂದೇ ಹೋಟೆಲ್‌ನಲ್ಲಿ ಸತತ ಐದು ರಾತ್ರಿ ಪಾಯಿಂಟ್‌ನಲ್ಲಿ ತೆಗೆದುಕೊಂಡರೆ ನಾಲ್ಕು ರಾತ್ರಿಯದೇ ಪಾಯಿಂಟ್ ಹೋಗುತ್ತದೆ. ಹಿಲ್ಟನ್‌ನಲ್ಲೂ ಇದೆ, ಆದರೆ ಸದಸ್ಯತ್ವದಲ್ಲಿ ಸಿಲ್ವರ್ ಅಥವಾ ಅದರ ಮೇಲಿನ ದರ್ಜೆಗೆ ಏರಿದವರಿಗೆ ಮಾತ್ರ. ನಾಲ್ಕು ರಾತ್ರಿ ಯೋಚಿಸಿದ್ದವರು ಐದು ಮಾಡಿಕೊಳ್ಳಿ, ಪಾಯಿಂಟ್ ಹೆಚ್ಚೇನೂ ಹೋಗುವುದಿಲ್ಲ.

ಪಾಯಿಂಟ್ ಹಳಸುತ್ತದೆ, ಇದು ಗೊತ್ತಿರಲಿ. ಖಾತೆಯಲ್ಲಿ ಏನೂ ಚಲನೆ ಇಲ್ಲದಿದ್ದರೆ ಅಕೋರ್‌ನಲ್ಲಿ 365 ದಿನ, ಐಎಚ್‌ಜಿಯ ಸಾಮಾನ್ಯ ಸದಸ್ಯರಿಗೆ 12 ತಿಂಗಳು, ವಿಂಡಮ್‌ನಲ್ಲಿ 18, ಮ್ಯಾರಿಯಟ್ ಮತ್ತು ಹಿಲ್ಟನ್‌ನಲ್ಲಿ 24. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಬ್ಯಾಂಕ್ ಕಾರ್ಡ್ ಬಗ್ಗೆ ಎರಡು ಮಾತು ಸಾಕು. ಕೆಲವು ಕ್ರೆಡಿಟ್ ಕಾರ್ಡ್‌ಗಳ ಪಾಯಿಂಟನ್ನು ಹೋಟೆಲ್ ಖಾತೆಗೆ ವರ್ಗ ಮಾಡಬಹುದು, ಒಮ್ಮೆ ಹೋದದ್ದು ವಾಪಸ್ ಬರುವುದಿಲ್ಲ, ಆದ್ದರಿಂದ ಬೇಕಾದ ತಾರೀಕಿಗೆ ರೂಮು ಇದೆ ಅಂತ ಕಣ್ಣಾರೆ ನೋಡಿದ ಮೇಲೆಯೇ ವರ್ಗ ಮಾಡಿ. ಎಚ್‌ಡಿಎಫ್‌ಸಿ ಬ್ಯಾಂಕು 2023ರಲ್ಲಿ ಮ್ಯಾರಿಯಟ್ ಜೊತೆ ಸೇರಿ ಒಂದು ಕಾರ್ಡ್ ತಂದಿತು. ಆಗ ಅದರ ಶುಲ್ಕ ವರ್ಷಕ್ಕೆ 3,000 ರೂಪಾಯಿ, ಮೇಲೆ ಜಿಎಸ್‌ಟಿ, ಬದಲಿಗೆ 15,000 ಪಾಯಿಂಟ್ ತನಕದ ಒಂದು ರಾತ್ರಿ ಪುಕ್ಕಟೆ. ಇಂಥದ್ದು ಲಾಭವೇ, ಆದರೆ ತಿಂಗಳ ಬಿಲ್ಲು ಪೂರ್ತಿ ಕಟ್ಟುವವರಿಗೆ ಮಾತ್ರ. ಬಡ್ಡಿ ಕಟ್ಟಿ ಪಾಯಿಂಟ್ ಕೂಡಿಸುವುದು ಸಾಲ ಮಾಡಿ ಮಾಲ್ಪುರಿ ತಿಂದ ಹಾಗೆ.

ಲೆಕ್ಕ ಸರಿ ಬಂತು, ರೂಮು ಸಿಕ್ಕಿತು. ಈಗ ಬುಕ್ ಮಾಡುವಾಗ ತಾರೀಕು ನೋಡಿ. ಇದು ನನ್ನ ಸ್ವಂತ ಪೆಟ್ಟು. ಮೊದಲ ಸಲ ಬ್ಯಾಂಕಾಕ್‌ಗೆ ಹೋದಾಗ ವಿಮಾನ ಇಳಿದದ್ದು ರಾತ್ರಿ 1 ಗಂಟೆಗೆ, ಟಿಕೆಟ್‌ನಲ್ಲಿ 12ನೇ ತಾರೀಕು ಅಂತ ಇತ್ತು, ನಾನು ಹೋಟೆಲ್ಲನ್ನೂ 12ಕ್ಕೇ ಬುಕ್ ಮಾಡಿದ್ದೆ. ಎರಡೂವರೆಗೆ ಹೋಟೆಲ್ ಮುಟ್ಟಿದರೆ ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, ನಗುತ್ತಲೇ, ಮಧ್ಯಾಹ್ನ 2 ಗಂಟೆಗೆ ಬನ್ನಿ ಅಂದಳು. ಹೋಟೆಲ್ ಲೆಕ್ಕದಲ್ಲಿ ಆ ರಾತ್ರಿ ಇನ್ನೂ 11ರದು! ಮಗಳು ಸೋಫಾದ ಮೇಲೆ ಬೂಟು ಹಾಕಿಕೊಂಡೇ ನಿದ್ದೆ ಹೋದಳು. ಹೆಂಡತಿ ಮಾತಾಡಲಿಲ್ಲ, ಅದು ಬೈಗುಳಕ್ಕಿಂತ ಜಾಸ್ತಿ. ಕೊನೆಗೆ ಆ ಅರ್ಧ ರಾತ್ರಿಗೆ ಪೂರ್ತಿ ಬಾಡಿಗೆ ನಗದು ಕೊಟ್ಟೆ. ಮಧ್ಯರಾತ್ರಿ ದಾಟಿ ಇಳಿಯುವವರು ಹಿಂದಿನ ತಾರೀಕಿಗೆ ಬುಕ್ ಮಾಡಬೇಕು, ಜೊತೆಗೆ "ನಾವು ಬೆಳಗಿನ ಜಾವ ಬರುತ್ತೇವೆ, ರೂಮು ಬಿಟ್ಟುಕೊಡಬೇಡಿ" ಅಂತ ಹೋಟೆಲ್ಲಿಗೆ ಒಂದು ಇಮೇಲ್ ಹಾಕಬೇಕು. ಬರಲಿಲ್ಲ ಅಂತ ಬರೆದುಬಿಟ್ಟರೆ ರೂಮೂ ಹೋಗುತ್ತದೆ, ಪಾಯಿಂಟೂ ಹೋಗಬಹುದು.

ರದ್ದು ಮಾಡುವ ಗಡುವೂ ಹೋಟೆಲ್ ಇರುವ ಊರಿನ ಗಡಿಯಾರದ ಪ್ರಕಾರ. ಕೌಲಾಲಂಪುರ ನಮಗಿಂತ ಎರಡೂವರೆ ತಾಸು ಮುಂದೆ. ಅಲ್ಲಿ ಸಂಜೆ 6 ಅಂದರೆ ಕಲಬುರಗಿಯಲ್ಲಿ ಮಧ್ಯಾಹ್ನ 3.30, ಇನ್ನೂ ಊಟದ ನಿದ್ದೆಯ ಹೊತ್ತು.

ಆಮೇಲೆ ಹೆಸರು. ನಮ್ಮ ಕಡೆ ಇದು ದೊಡ್ಡ ತಲೆನೋವು. ಆಧಾರ್‌ನಲ್ಲಿ ಪಾಟೀಲ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಮನೆತನದ ಹೆಸರು, ಹೋಟೆಲ್ ಖಾತೆಯಲ್ಲಿ ಬರೀ ಎರಡು ಇನಿಷಿಯಲ್. ಕೌಂಟರಿನಲ್ಲಿ ನೋಡುವುದು ಪಾಸ್‌ಪೋರ್ಟ್ ಒಂದನ್ನೇ. ಖಾತೆ ತೆರೆಯುವಾಗಲೇ ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತುಂಬಿ. ಆಮೇಲೆ ಬದಲಿಸಲು ದಾಖಲೆ ಕಳಿಸಬೇಕು, ನನಗೆ ಹತ್ತು ದಿನ ಹಿಡಿಯಿತು. ಬುಕಿಂಗ್‌ನಲ್ಲಿ ಹೆಂಡತಿ, ಮಕ್ಕಳು, ಅವ್ವ, ಬರುವವರೆಲ್ಲರ ಸಂಖ್ಯೆ ಸರಿಯಾಗಿ ಹಾಕಿ, ಆಗುವುದಾದರೆ ಹೆಸರನ್ನೂ ಹಾಕಿಸಿ. ವೀಸಾ ಬೇಕಾದ ದೇಶವಾದರೆ ಆ ದೃಢೀಕರಣ ಪತ್ರವೇ ನೀವು ಎಲ್ಲಿ ಉಳಿಯುತ್ತೀರಿ ಅನ್ನುವುದಕ್ಕೆ ಪುರಾವೆ. ಅದರಲ್ಲಿ ನಿಮ್ಮೊಬ್ಬರ ಹೆಸರಿದ್ದು ಅರ್ಜಿ ನಾಲ್ವರದಾದರೆ ಉಳಿದ ಮೂವರು ಎಲ್ಲಿ ಅಂತ ಕೇಳುತ್ತಾರೆ.

ಅಗ್ಗದ ಹೋಟೆಲ್‌ನ ರೂಮು ಸಣ್ಣದು. ನಮ್ಮ ಮನೆಯಂತೆ "ನಾಲ್ಕು ಮಂದಿ ಹೊಂದಿಕೊಂಡು ಮಲಗ್ತೀವಿ" ಅನ್ನುವುದು ಅಲ್ಲಿ ನಡೆಯುವುದಿಲ್ಲ. ಒಂದು ರೂಮಿಗೆ ಎಷ್ಟು ಜನ ಅನ್ನುವುದು ಬೆಂಕಿ ಸುರಕ್ಷತೆಯ ನಿಯಮ, ಬೇಡಿಕೊಂಡರೂ ಬದಲಾಗುವುದಿಲ್ಲ. ಐಬಿಸ್ ಬಜೆಟ್‌ನ ಕೆಲವು ರೂಮುಗಳಲ್ಲಿ ಜೋಡಿ ಮಂಚದ ಮೇಲೆ ಅಡ್ಡ ಒಂದು ಅಟ್ಟದ ಹಾಸಿಗೆ ಇರುತ್ತದೆ, ಒಂದು ಮಗು ಇದ್ದವರಿಗೆ ಅದು ಚೆನ್ನ. ಇನ್ನೊಂದು ಸಲ ನಾವು ನಾಲ್ವರಾದಾಗ ಎರಡು ರೂಮು ತೆಗೆದುಕೊಂಡೆವು, ಒಂದು ಪಾಯಿಂಟ್‌ನಲ್ಲಿ, ಒಂದು ದುಡ್ಡಿನಲ್ಲಿ, ಪಕ್ಕಪಕ್ಕ ಕೊಡಿ ಅಂತ ಮೊದಲೇ ಬರೆದು.

ಈಗ ಕಾಕಾನ 30 ರಿಂಗಿಟ್. ಮಲೇಷ್ಯಾದಲ್ಲಿ ಹೊರದೇಶದವರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ ಇದೆ, 2017ರಿಂದ. ಪಾಯಿಂಟ್‌ನಲ್ಲಿ ಬಂದರೂ ಬಿಡುವುದಿಲ್ಲ. ಮೂರು ರಾತ್ರಿಗೆ 30, ನಮ್ಮ ಲೆಕ್ಕದಲ್ಲಿ 600 ರೂಪಾಯಿಗಿಂತ ಸ್ವಲ್ಪ ಜಾಸ್ತಿ. ದುಬೈನಲ್ಲಿ ಇದಕ್ಕೆ ಟೂರಿಸಂ ದಿರ್ಹಾಮ್ ಅನ್ನುತ್ತಾರೆ, ಹೋಟೆಲ್ ದರ್ಜೆ ನೋಡಿ ರೂಮಿಗೆ ರಾತ್ರಿಗೆ 7ರಿಂದ 20 ದಿರ್ಹಾಮ್. ಯುರೋಪಿನ ಬಹಳ ಊರುಗಳಲ್ಲೂ ಇಂಥದ್ದು ಇದೆ, ಕೆಲವು ಕಡೆ ರೂಮಿನ ಲೆಕ್ಕ, ಕೆಲವು ಕಡೆ ತಲೆಯ ಲೆಕ್ಕ. ಇದನ್ನು ಇಲ್ಲಿಯ ಕಾರ್ಡ್‌ನಲ್ಲಿ ಕಟ್ಟಿದರೆ ಬಹಳಷ್ಟು ಕಾರ್ಡ್‌ಗಳು ವಿದೇಶಿ ವ್ಯವಹಾರಕ್ಕೆ 3.5 ಶೇಕಡಾ, ಅದರ ಮೇಲೆ 18 ಶೇಕಡಾ ಜಿಎಸ್‌ಟಿ ಹಾಕುತ್ತವೆ, ಅಂದರೆ ನೂರಕ್ಕೆ 4 ರೂಪಾಯಿ 13 ಪೈಸೆ. ಯಂತ್ರವು ರೂಪಾಯಿಯಲ್ಲೋ ರಿಂಗಿಟ್‌ನಲ್ಲೋ ಅಂತ ಕೇಳಿದರೆ ಅಲ್ಲಿಯ ಹಣವನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರದೇ ದರ, ಅದು ಸಾಮಾನ್ಯವಾಗಿ ತುಟ್ಟಿ.

ತಿಂಡಿಯನ್ನೂ ಕೇಳಿಕೊಳ್ಳಿ. ಹಾಲಿಡೇ ಇನ್ ಎಕ್ಸ್‌ಪ್ರೆಸ್ ಮತ್ತು ಹ್ಯಾಂಪ್ಟನ್‌ನಲ್ಲಿ ಬೆಳಗಿನ ತಿಂಡಿ ಸಾಮಾನ್ಯವಾಗಿ ರೂಮಿನ ಜೊತೆಗೇ ಬರುತ್ತದೆ, ಪಾಯಿಂಟ್‌ನಲ್ಲಿ ಇದ್ದರೂ. ಐಬಿಸ್‌ನಲ್ಲಿ ಬಹುತೇಕ ಬೇರೆ ದುಡ್ಡು. ನಾಲ್ಕು ಜನರ ಮೂರು ದಿನದ ತಿಂಡಿ ಲೆಕ್ಕಕ್ಕೆ ತೆಗೆದುಕೊಂಡರೆ ಅಗ್ಗದ ರೂಮು ಯಾವುದು ಅನ್ನುವುದೇ ತಿರುಗಿಬಿಡಬಹುದು. ಶಾಖಾಹಾರಿಗಳಿಗೆ ಬ್ರೆಡ್ಡು, ಹಣ್ಣು, ಜ್ಯೂಸು ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ನಮ್ಮ ಅವ್ವ ಕಡಕ್ ರೊಟ್ಟಿ ಇಪ್ಪತ್ತು, ಶೇಂಗಾ ಹಿಂಡಿ ಒಂದು ಡಬ್ಬಿ ಕಟ್ಟಿದ್ದಳು. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಡಿ, ಬ್ಯಾಗಿನಲ್ಲಿ ಸುಮ್ನೆ ತುರುಕಿದರೆ ಪುಡಿ ಆಗಿ ಬರುತ್ತದೆ. ಆಸ್ಟ್ರೇಲಿಯಾದಂಥ ದೇಶಕ್ಕಾದರೆ ತಿನ್ನುವ ಸಾಮಾನು ಇದೆ ಅಂತ ಅಲ್ಲಿ ಇಳಿಯುವಾಗ ತುಂಬುವ ಅರ್ಜಿಯಲ್ಲಿ ಬರೆಯಲೇಬೇಕು, ಮುಚ್ಚಿಟ್ಟರೆ ದಂಡ.

ಹೊರಡುವುದು ಹೈದರಾಬಾದಿನಿಂದ ಅನುಕೂಲ. ಹುಮನಾಬಾದ್, ಜಹೀರಾಬಾದ್ ಮೇಲೆ ಕಾರಿನಲ್ಲಿ ಹೋಗಿ ಔಟರ್ ರಿಂಗ್ ರೋಡ್ ಹಿಡಿದರೆ ಶಂಶಾಬಾದ್ ವಿಮಾನ ನಿಲ್ದಾಣ. ಬೀದರ್‌ನವರಿಗೆ ಇನ್ನೂ ಹತ್ತಿರ. ಮಲೇಷ್ಯಾಕ್ಕಾದರೆ ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಆಗಮನ ಕಾರ್ಡ್ ತುಂಬಿ, ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ.

ಕೌಂಟರಿನಲ್ಲಿ ಠೇವಣಿ ಕೇಳಿದರೆ ಗಾಬರಿ ಆಗಬೇಡಿ. ಬಾಡಿಗೆ ಇಲ್ಲದಿದ್ದರೂ ಕಾರ್ಡ್‌ನಲ್ಲಿ ಒಂದಷ್ಟು ಹಣ ತಡೆಹಿಡಿಯುತ್ತಾರೆ, ಹೋಗುವಾಗ ಬಿಡುತ್ತಾರೆ. ಇದಕ್ಕೆ ಕ್ರೆಡಿಟ್ ಕಾರ್ಡೇ ಕೊಡಿ. ಡೆಬಿಟ್ ಕೊಟ್ಟರೆ ನಿಮ್ಮ ಸ್ವಂತ ದುಡ್ಡು ಖಾತೆಯಿಂದ ಹೋಗಿ, ವಾಪಸ್ ಬರಲು ವಾರಗಟ್ಟಲೆ ಆಗಬಹುದು. ನನ್ನದು ನಾವು ಊರು ಮುಟ್ಟಿ ಒಂಬತ್ತು ದಿನಕ್ಕೆ ಬಂತು, ಅಲ್ಲಿಯ ತನಕ ಕಾಕಾ ದಿನಾ ಕೇಳುತ್ತಿದ್ದರು, "ಬಂತೇನ್ ತಮ್ಮಾ, ಪುಕ್ಕಟೆ ರೂಮಿನ ರೊಕ್ಕಾ?"